ನನ್ನ ಮಗಳ ಪಾಲಿನ ಹಾಲು

ಮೂರು ಎಮ್ಮೆ ಹಿಂಡುವ ಮನೆಗೆ ನನ್ನನ್ನು ಕೊಟ್ಟಾಗ ನಮ್ಮವ್ವ ಹಲಸಂಗಿಯ ತುಂಬ ಹೇಳಿಕೊಂಡು ಬಂದಿದ್ದಳು, ನನ್ನ ಮಗಳು ಇನ್ನು ಹಾಲಿನಲ್ಲೇ ಕೈ ತೊಳೆಯುತ್ತಾಳೆ ಎಂದು. ಎಪ್ಪತ್ತರ ದಶಕದ ಮಾತು ಇದು. ನಿಡಗುಂದಿ ಮತ್ತು ಮುದ್ದೇಬಿಹಾಳದ ನಡುವಿನ ಆ ಹಳ್ಳಿಯಲ್ಲಿ ನನ್ನ ಗಂಡನ ಮನೆಗೆ ಹೈನದ ಮನೆ ಎಂದೇ ಹೆಸರು. ನೆಲುವಿನ ಮೇಲೆ ಹಾಲಿನ ಗಡಿಗೆ, ಅದರ ಮೇಲೆ ಮೊಸರಿನ ಗಡಿಗೆ, ಮೂಲೆಯಲ್ಲಿ ಎದೆಯೆತ್ತರದ ಕಡಗೋಲು. ಅತ್ತೆ ಅವುಗಳ ಯಜಮಾನಿ. ಗಂಡ ಸತ್ತ ಮೇಲೆ ಎಮ್ಮೆ ಕಟ್ಟಿಯೇ ಮಗನನ್ನು ಬೆಳೆಸಿದವರು. ಮನೆಗೆ ಯಾರೇ ಬರಲಿ, ಮೊದಲು ಒಂದು ಬಟ್ಟಲು ಹಾಲು, ಆಮೇಲೆ ಮಾತು.

ನನ್ನ ಮಗಳಿಗೆ ಒಂದು ವರ್ಷ ತುಂಬಿದ ಮಳೆಗಾಲದಲ್ಲಿ ಜೋರಾಗಿ ವಾಂತಿ ಭೇದಿ ಆಯಿತು. ವಾರದಲ್ಲಿ ಇಳಿಯಿತು, ಆದರೆ ಎದೆಹಾಲು ಬಿಟ್ಟುಬಿಟ್ಟಳು. ಅತ್ತೆಗೆ ಒಂದು ಬಗೆಯಲ್ಲಿ ಸಮಾಧಾನವೇ ಆಯಿತು. ಇನ್ನು ನನ್ನ ಎಮ್ಮೆ ಹಾಲಿನಲ್ಲಿ ಬೆಳೆಯಲಿ ಎಂದರು. ಬೆಳಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. ಕುಡಿದು ಗಳಿಗೆ ಕಳೆಯುವುದರೊಳಗೆ ಕೂಸಿನ ಹೊಟ್ಟೆ ಉಬ್ಬುತ್ತಿತ್ತು, ಗುಡುಗುಡು ಎನ್ನುತ್ತಿತ್ತು, ಆಮೇಲೆ ನೀರಿನ ಹಾಗೆ ಹೋಗುತ್ತಿತ್ತು. ಕೂಸು ಸೊರಗಿತು. ಸೊರಗಿತೆಂದು ಇನ್ನೊಂದು ಬಟ್ಟಲು ಹೆಚ್ಚಾಯಿತು.

ಈಗ ನೆನೆಸಿಕೊಂಡರೆ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಆಗ ನಮಗೆ ಹಾಲಿನ ಮೇಲೆ ಗುಮಾನಿಯೇ ಬರಲಿಲ್ಲ. ಎಮ್ಮೆ ಹಾಲು ಜಡ ಎಂದು ಯಾರೋ ಹೇಳಿದ್ದಕ್ಕೆ ನನ್ನ ಗಂಡ ಸಿಂದಗಿ ಸಂತೆಗೆ ಹೋಗಿ ಒಂದು ಆಕಳು ಹೊಡೆದುಕೊಂಡು ಬಂದರು. ಆಕಳ ಹಾಲಿಗೂ ಅದೇ ಗತಿ. ಆಡಿನ ಹಾಲು ಹಗುರ ಎಂದರು, ಅದೂ ಆಯಿತು. ಮಂಗಳವಾರ ಶುಕ್ರವಾರ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ದೃಷ್ಟಿ ತೆಗೆದ ಮೇಲೆ ಮತ್ತೆ ಹಾಲನ್ನೇ ಕುಡಿಸುತ್ತಿದ್ದರು. ಮುದ್ದೇಬಿಹಾಳದ ಡಾಕ್ಟರು ಕೊಟ್ಟ ಔಷಧಿಯನ್ನು ಸಹ ಹಾಲಿನಲ್ಲೇ ಕಲಸಿ ಕೊಟ್ಟವರು ನಾವು. ಹಾಲು ಕುಡಿದ ಮಕ್ಕಳೇ ಬದುಕೋದಿಲ್ಲ, ಇನ್ನು ವಿಷ ಕುಡಿದವು ಬದುಕುತ್ತಾವೇನು ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಮೊದಲ ಅರ್ಧ ನನ್ನ ಮನೆಯಲ್ಲೇ ನಡೆಯುತ್ತಿತ್ತು, ನನಗೆ ಗೊತ್ತಾಗಲಿಲ್ಲ.

ಒಂದೂವರೆ ವರ್ಷವಾದರೂ ಕೂಸು ಹೆಜ್ಜೆ ಇಡಲಿಲ್ಲ. ಓರಗೆಯ ಕೂಸುಗಳು ಓಣಿಯಲ್ಲಿ ಓಡಾಡುತ್ತಿದ್ದರೆ ನನ್ನದು ಟೊಂಕದ ಮೇಲೆಯೇ. ಕಾಲುಗಳು ಜೋಳದ ದಂಟಿನಂತೆ ಆಗಿದ್ದವು. ಈ ಕೂಸು ಉಳಿಯುವುದಿಲ್ಲ ಎಂದು ಬಾವಿಯ ಹತ್ತಿರ ಹೆಂಗಸರು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ನಾನು ಮೊದಲೇ ಸಿಡುಕಿ. ಕೊಡ ಕುಕ್ಕಿ, ನಿಮ್ಮ ಬಾಯಿಗೆ ಬೂದಿ ಬೀಳಲಿ ಎಂದು ಬೈದು ಬಂದೆ. ಮನೆಗೆ ಬಂದು ಹಿತ್ತಿಲಲ್ಲಿ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಬಸುರಿಯಾಗಿದ್ದ ನನ್ನ ಅಣ್ಣನ ಹೆಂಡತಿಯ ಕುಬಸಕ್ಕೆಂದು ತವರಿಗೆ ಹೋಗಬೇಕಾಯಿತು. ಇಂಡಿಯಿಂದ ಬಸ್ಸು ಹಿಡಿದು ಹಲಸಂಗಿಗೆ ಬಂದಿಳಿದಾಗ ನಮ್ಮವ್ವ ಕೂಸನ್ನು ನೋಡಿ ನನ್ನ ಟೊಂಕದಿಂದ ಕಸಿದು ಎದೆಗೊತ್ತಿಕೊಂಡಳು. ನಮ್ಮ ಮನೆಯ ಒಂದೇ ಒಂದು ಎಮ್ಮೆ ಗಬ್ಬವಾಗಿ ಹಾಲು ಕೊಡುವುದನ್ನು ನಿಲ್ಲಿಸಿತ್ತು. ಕೂಸಿಗೆ ಹಾಲಿಲ್ಲವಲ್ಲ ಎಂದು ಅವ್ವ ಒದ್ದಾಡಿದಳು. ಹಾಲನ್ನು ಯಾರೂ ಸುಮ್ಮನೆ ಕೊಡುವುದಿಲ್ಲ, ಮಜ್ಜಿಗೆಯನ್ನು ಯಾರೂ ಇಲ್ಲವೆನ್ನುವುದಿಲ್ಲ. ನಮ್ಮ ಕಡೆ ಮಜ್ಜಿಗೆ ಮಾರುವುದು ಪಾಪ, ಕಡೆದ ಮನೆಗೆ ತಂಬಿಗೆ ಹಿಡಿದು ಹೋದರೆ ಸಾಕು. ಪಕ್ಕದ ಮನೆಯಿಂದ ದಿನಾ ಮಜ್ಜಿಗೆ ಬಂತು. ಅವ್ವ ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಮಜ್ಜಿಗೆ ಹಾಕಿ ಕಿವುಚಿ, ಚಿಟಿಕೆ ಉಪ್ಪು ಸೇರಿಸಿ ತಿನ್ನಿಸಿದಳು. ಮೂರನೆಯ ದಿನಕ್ಕೆ ಭೇದಿ ನಿಂತಿತು. ಹತ್ತನೆಯ ದಿನ ಕೂಸು ಅವ್ವನ ಮೊಣಕಾಲು ಹಿಡಿದು ಎದ್ದು ನಿಂತು ನಕ್ಕಿತು. ಹಲಸಂಗಿಯ ನೀರು ಒಗ್ಗಿತು ಎಂದುಕೊಂಡೆವು. ನೀರಿನ ಹೊರತು ಬೇರೇನೂ ಹೊಳೆಯಲಿಲ್ಲ ನೋಡಿ ನಮಗೆ.

ಕರೆದೊಯ್ಯಲು ಬಂದಿದ್ದ ನನ್ನ ಗಂಡ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ, ಪಾಪ, ಹತ್ತು ದಿನದಿಂದ ಕೂಸು ಹಾಲು ಕಂಡಿಲ್ಲ ಎಂದು ಚಹಾದಂಗಡಿಯಿಂದ ಸಕ್ಕರೆ ಹಾಕಿಸಿದ ಬಿಸಿ ಹಾಲು ತಂದು ಪ್ರೀತಿಯಿಂದ ಕುಡಿಸಿದರು. ನಿಡಗುಂದಿ ಮುಟ್ಟುವ ಮೊದಲೇ ನನ್ನ ಸೀರೆ, ಅವರ ಧೋತರ, ಬಸ್ಸಿನ ಸೀಟು ಎಲ್ಲ ಹೊಲಸಾಯಿತು. ಕಂಡಕ್ಟರ್ ಬೈದ. ನನಗೆ ಬೈಗುಳ ಕೇಳಿಸಲೇ ಇಲ್ಲ. ಆ ಬಟ್ಟಲು ಈ ಬಟ್ಟಲು ಒಂದೊಂದೇ ಕಣ್ಣ ಮುಂದೆ ಬಂದವು. ಹಾಲು ಕುಡಿದಾಗೆಲ್ಲ ಹೀಗೆ. ಹಾಲು ಇಲ್ಲದ ಹತ್ತು ದಿನದಲ್ಲಿ, ಮೊದಲೆರಡು ದಿನ ಬಿಟ್ಟರೆ, ಒಂದು ಸಲವೂ ಇಲ್ಲ. ನಮ್ಮ ಊರು ಬಂದಾಗ ಗಂಡ ಚೀಲ ಎತ್ತಿಕೊಂಡರು. ನಾನು ಏಳಲಿಲ್ಲ. ಮುದ್ದೇಬಿಹಾಳಕ್ಕೆ ಟಿಕೆಟ್ ತೆಗೆಸಿರಿ ಎಂದೆ. ಎಲ್ಲದಕ್ಕೂ ಹೌದು ಹೌದು ಎನ್ನುವ ಮನುಷ್ಯ, ತೆಗೆಸಿದರು.

ಡಾಕ್ಟರ ಮುಂದೆ ನಿಂತು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು.

“ನೀ ಹೇಳೂದು ಖರೆ ಐತಿ ತಂಗಿ. ಆ ಭೇದಿಯೊಳಗ ಹಾಲು ಅರಗಿಸೋ ಶಕ್ತಿ ಹೋಗೈತಿ. ಕೆಲವು ಕೂಸುಗಳಿಗೆ ಹಿಂಗ ಆಗತೈತಿ. ಹಾಲು ಪೂರಾ ಬಿಡಸು. ಹೆಪ್ಪಾದ ಮ್ಯಾಲೆ ಅರಗತೈತಿ, ಮಜ್ಜಿಗಿ ನುಚ್ಚು ನಡೀಲಿ. ಇದು ನನಗ ಮೊದಲ ಹೊಳೀಬೇಕಿತ್ತು.”

ಡಾಕ್ಟರ ಬಾಯಲ್ಲಿ ಆ ಕೊನೆಯ ಮಾತು ಕೇಳಿ ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಆದರೆ ಮನೆಯಲ್ಲಿ ಅತ್ತೆ ಇದ್ದರಲ್ಲ. ಹಾಲು ಒಗ್ಗದ ಹೊಟ್ಟೆ ಎಲ್ಲಾದರೂ ಉಂಟೇ ಎಂದು ಮುಖ ತಿರುಗಿಸಿದರು. ನಾನು ಹಟ ಹಿಡಿದು ಮಜ್ಜಿಗೆ ನುಚ್ಚು ತಿನ್ನಿಸಿದೆ. ಎರಡು ದಿನ ಕೂಸು ಚೆನ್ನಾಗಿತ್ತು. ಮೂರನೆಯ ದಿನ ಮತ್ತೆ ಹೊಟ್ಟೆ ಕೆಟ್ಟಿತು. ಮರುದಿನವೂ ಅಷ್ಟೇ. ನಾನೇ ತಪ್ಪು ತಿಳಿದೆನೇನೋ ಎಂದುಕೊಂಡೆ. ಮುಂದಿನ ಬೆಳಗ್ಗೆ ಸಗಣಿ ಬಳಿಯಲು ಹೋದರೆ ಕೊಟ್ಟಿಗೆಯಲ್ಲಿ ಅತ್ತೆಯ ಮಡಿಲಲ್ಲಿ ನನ್ನ ಮಗಳು ಕೂತಿದ್ದಾಳೆ, ಮೇಲ್ದುಟಿಯ ಮೇಲೆ ನೊರೆಹಾಲಿನ ಬಿಳಿ ಮೀಸೆ.

ಬುಟ್ಟಿ ಎಸೆದು ಕೂಸನ್ನು ಕಸಿದುಕೊಂಡೆ. ಅತ್ತೆಗೆ ಎದುರಾಡಬಾರದು ಎಂಬುದೆಲ್ಲ ಆ ಗಳಿಗೆಯಲ್ಲಿ ನೆನಪಾಗಲಿಲ್ಲ, ಬಾಯಿಗೆ ಬಂದದ್ದು ಅಂದೆ. ಅತ್ತೆ ತಿರುಗಿ ಬೈಯಲಿಲ್ಲ. ಎಮ್ಮೆಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತ ಹೇಳಿದರು.

“ಹೆಣ್ಣ ಕೂಸು ಅಂತ ಹಾಲು ಬಿಡಿಸ್ಯಾರ ಅಂತ ಓಣ್ಯಾಗ ಮಾತು ನಡದೈತಿ. ಮೂರು ಎಮ್ಮಿ ಹಿಂಡೋ ಮನಿ ನಂದು. ಮಂದಿಗೆ ನಾ ಹ್ಯಾಂಗ ಮಾರಿ ತೋರಸ್ಲಿ?”

“ಅತ್ತಿ, ಕೂಸು ಹೋದ ಮ್ಯಾಲೆ ಮಾರಿ ತೋರಸ್ತೀರೇನ್ರಿ?”

ಕೆಟ್ಟ ಮಾತು. ಆಡಿದ ನನಗೇ ನಾಲಿಗೆ ಸುಟ್ಟಂತಾಯಿತು. ಅತ್ತೆ ಹಾಲಿನ ಚರಿಗೆ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಗ್ಗೆ ಎದ್ದರೆ ಕಡಗೋಲಿನ ಸದ್ದು. ಕಡೆಯುವುದು ನನ್ನ ಕೆಲಸ, ಅತ್ತೆ ಅದನ್ನು ಮುಟ್ಟದೆ ಮೂರು ವರ್ಷವಾಗಿತ್ತು. ಬೆಣ್ಣೆ ತೆಗೆದು, ಹುಳಿಯಾಗದ ತಾಜಾ ಮಜ್ಜಿಗೆಯನ್ನು ಬಟ್ಟಲಿಗೆ ಬಗ್ಗಿಸಿ, ತಾವೇ ಕೂಸಿಗೆ ಕುಡಿಸಿದರು. ಅಂದಿನಿಂದ ಹೆಬ್ಬಾಗಿಲಲ್ಲಿ ಕಾವಲೂ ಅವರದೇ. ಬೀಗರು ಬಂದು ಕೂಸಿಗೆ ಹಾಲು ಕೊಡಿರೆಂದರೆ, ನಿಮಗೆ ಬೇಕಾದರೆ ನೀವು ಕುಡಿಯಿರಿ ಎನ್ನುತ್ತಿದ್ದರು. ಯಾರದೋ ಮನೆಯ ಪಾಯಸದ ಬಟ್ಟಲನ್ನು ಕೂಸಿನ ಕೈಯಿಂದ ಕಿತ್ತುಕೊಂಡದ್ದನ್ನು ನಾನೇ ನೋಡಿದೆ. ಹೊಸದಾಗಿ ಮತ ಸೇರಿದವರದು ಯಾವಾಗಲೂ ಒಂದು ಕೈ ಮೇಲೆ!

ಹೋಳಿ ಹೊತ್ತಿಗೆ ಕೂಸಿನ ಕೆನ್ನೆ ತುಂಬಿದವು. ಯುಗಾದಿ ಮುಗಿದು ಹದಿನೈದು ದಿನಕ್ಕೆ ಪಡಸಾಲೆಯ ಕಂಬ ಬಿಟ್ಟು ಕಡಗೋಲಿನ ತನಕ ನಾಲ್ಕು ಹೆಜ್ಜೆ ಇಟ್ಟು ದೊಪ್ಪನೆ ಕೂತಳು. ನಾನು ಕೂಗಿದ ಕೂಗಿಗೆ ನನ್ನ ಗಂಡ ಹಿತ್ತಿಲಿಂದ ಓಡಿ ಬಂದರು.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಅಣ್ಣ ಕರೆಯಲು ಬಂದರೆ ಅತ್ತೆ, ಹಾಲೆರೆಯುವುದು ಮುಗಿಯಲಿ, ಆಮೇಲೆ ಕಳಿಸುತ್ತೇನೆ ಎಂದುಬಿಟ್ಟರು. ಹಬ್ಬದ ದಿನ ತವರಿಲ್ಲವೆಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಬೇವಿನ ಗಿಡದ ಕೆಳಗಿನ ನಾಗಪ್ಪನ ಕಲ್ಲಿನ ಮುಂದೆ ಓಣಿಯ ಹೆಂಗಸರೆಲ್ಲ ಸೇರಿದ್ದರು. ಬಾವಿಯ ಹತ್ತಿರ ಪಿಸುಗುಟ್ಟಿದವರೂ ಇದ್ದರು. ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿ, ದೇವರ ಪಾಲು, ಗುರುವಿನ ಪಾಲು ಎನ್ನುತ್ತ, ಮನೆಯ ಒಬ್ಬೊಬ್ಬರ ಪಾಲೂ ಹೇಳಿ ಕಲ್ಲಿನ ಮೇಲೆ ಹಾಲೆರೆಯಬೇಕು. ಅತ್ತೆ ಸತ್ತ ಗಂಡನ ಪಾಲು ಎರೆದರು, ಮಗನ ಪಾಲು, ನನ್ನ ಪಾಲು ಎರೆದರು. ಆಮೇಲೆ ಕೊಬ್ಬರಿ ಬಟ್ಟಲು ಕೆಳಗಿಟ್ಟು, ತಂಬಿಗೆಯನ್ನೇ ಎರಡೂ ಕೈಯಲ್ಲಿ ಎತ್ತಿದರು.

“ಇದು ನನ್ನ ಮೊಮ್ಮಗಳ ಪಾಲು. ಆಕಿ ಹೊಟ್ಟಿಗೆ ಹಾಲು ಒಗ್ಗೂದಿಲ್ಲ. ಹಿಂಗಾಗಿ ನಮ್ಮ ಮನ್ಯಾಗ ಆಕಿ ಪಾಲಿಂದು ನಿನಗ. ಎಲ್ಲಾ ಕುಡಿ ನಾಗಪ್ಪಾ.”

ದನಿ ಓಣಿಯ ಆ ತುದಿಗೂ ಕೇಳುವಂತಿತ್ತು. ತುಂಬಿದ ತಂಬಿಗೆ, ಕೊನೆಯ ಹನಿಯವರೆಗೂ ಬಗ್ಗಿಸಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತವರಿಗೆ ಯಾಕೆ ಕಳಿಸಲಿಲ್ಲವೆಂದು ನನಗೆ ಆಗ ತಿಳಿಯಿತು. ಕಣ್ಣು ತುಂಬಿ ಬಂದವು, ನಗುವೂ ಬಂತು.

ಮನೆಗೆ ಹೊರಟೆವು. ಕೆಸರಿದೆಯೆಂದು ನಾನು ರೂಢಿಯಂತೆ ಕೂಸನ್ನು ಟೊಂಕಕ್ಕೆ ಎತ್ತಿಕೊಳ್ಳಲು ಬಗ್ಗಿದೆ. ಅತ್ತೆ ಕೈ ಅಡ್ಡ ಹಿಡಿದರು.

“ಇಳಸು ಆಕಿನ್ನ. ನಡೀಲಿ. ಎಲ್ಲಾರೂ ನೋಡ್ಲಿ.”