ಬೋರೆಹಣ್ಣಿನ ಸೇರು

ನಾನು ಚಿಕ್ಕವನಿದ್ದಾಗ ಹರಿಹರದಲ್ಲಿ ಬೋರೆಹಣ್ಣನ್ನು ತೂಗುತ್ತಿರಲಿಲ್ಲ, ಸೇರಿನಲ್ಲಿ ಅಳೆದು ಕೊಡುತ್ತಿದ್ದರು. ಸೇರು ಎಂದರೆ ದುಂಡನೆಯ ಅಳತೆಯ ಪಾತ್ರೆ. ನಮ್ಮ ಮನೆಯದು ಹಿತ್ತಾಳೆಯದು. ಚಳಿಗಾಲ ಬಂತೆಂದರೆ ಅವ್ವ ಅದರಲ್ಲಿ ಹಣ್ಣು ಅಳೆದು, ಬೆಲ್ಲ, ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಒರಳಿನಲ್ಲಿ ಕುಟ್ಟಿ, ವಡೆ ತಟ್ಟಿ ಬಿಸಿಲಿಗೆ ಇಡುತ್ತಿದ್ದಳು. ಸೇರು ಹಣ್ಣಿಗೆ ಒಂದು ಅಚ್ಚು ಬೆಲ್ಲ ಎಂದು ಅಕ್ಕನಿಗೂ ಹೇಳಿಕೊಟ್ಟಿದ್ದಳು.

ಅವ್ವ ತೀರಿಕೊಂಡ ವರ್ಷ ಅಪ್ಪ ನಮ್ಮಿಬ್ಬರನ್ನು ದಾವಣಗೆರೆಗೆ ಕರೆತಂದ. ಬಾಡಿಗೆ ಮನೆ. ಅವ್ವನ ಪಾತ್ರೆಗಳನ್ನು ಕಟ್ಟಿ ತಂದಿದ್ದ ಗೋಣಿಚೀಲ ಮೂಲೆಯಲ್ಲೇ ಇತ್ತು. ಅದನ್ನು ಯಾರೂ ಬಿಚ್ಚಿರಲಿಲ್ಲ. ಅವ್ವನ ಮಾತನ್ನೂ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಅರ್ಧ ರೊಟ್ಟಿ ತಿಂದು ಕೈ ತೊಳೆದುಬಿಡುತ್ತಿದ್ದ. ಬೋರೆಹಣ್ಣಿನ ವಡೆ ಮಾಡಿಕೊಟ್ಟರೆ ಅಪ್ಪ ಮೊದಲಿನಂತೆ ಊಟ ಮಾಡಬಹುದು ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ಮಂಡಿಪೇಟೆಗೆ ಹೋದೆವು. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು, ಬೆಲ್ಲದ ವಾಸನೆ. ಅಕ್ಕ ಎರಡು ಸೇರು ಹಣ್ಣು ಕೇಳಿದಳು.

"ಹರಿಹರದವ್ರೇನ್ರಿ? ಇಲ್ಲಿ ಸೇರು ಗೀರು ನಡೆಯಂಗಿಲ್ಲ, ಕಿಲೋ ಕೇಳ್ರಿ!" ಎಂದು ಹಣ್ಣಿನವನು ನಕ್ಕ.

ಒಂದು ಸೇರು ಅಕ್ಕಿ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಹಣ್ಣೂ ಅಷ್ಟೇ ಇರುತ್ತದೆಂದು ಎರಡು ಕಿಲೋ ತೂಗಿಸಿಕೊಂಡಳು.

ಮನೆಗೆ ಬಂದು ಒಂದು ಕಿಲೋ ಹಣ್ಣಿಗೆ ಒಂದು ಅಚ್ಚು ಬೆಲ್ಲ ಹಾಕಿ ಕುಟ್ಟಿದೆವು. ಅಕ್ಕ ಒಂದು ಚೂರನ್ನು ಅಪ್ಪನ ಅಂಗೈಗೆ ಹಾಕಿ, ಅವನ ಮುಖವನ್ನೇ ನೋಡುತ್ತ ನಿಂತಳು.

"ಚಲೋ ಆಗೈತೆ ಬಿಡಮ್ಮ."

"ಸುಳ್ಳು ಹೇಳಬ್ಯಾಡಪ್ಪ. ಬರೀ ಹುಳಿ ಐತೆ."

"ಬೆಲ್ಲ ಕಡಿಮಿ ಹಾಕಿದ್ಯೇನು?"

"ಅವ್ವ ಹೇಳಿದಷ್ಟೇ ಹಾಕೀನಿ!"

ಆ ಮನೆಯಲ್ಲಿ ಅವ್ವ ಎಂಬ ಮಾತು ಬಂದದ್ದು ಅದೇ ಮೊದಲು. ಅಪ್ಪ ಮೂಲೆಗೆ ಹೋಗಿ ಗೋಣಿಚೀಲದ ಹಗ್ಗ ಬಿಚ್ಚಿದ. ಸೇರು ಕಪ್ಪಾಗಿತ್ತು. ಅದನ್ನು ಪಂಚೆಯಲ್ಲಿ ಒರೆಸಿ ಅಕ್ಕನ ಮುಂದೆ ಇಟ್ಟ.

ಉಳಿದ ಒಂದು ಕಿಲೋ ಹಣ್ಣನ್ನು ಅಕ್ಕ ಅದಕ್ಕೆ ಸುರಿದಳು. ಸೇರು ತುಂಬಿದರೂ ಬುಟ್ಟಿಯಲ್ಲಿ ಹಣ್ಣು ಸಾಕಷ್ಟು ಉಳಿಯಿತು. ಆಗ ತಿಳಿಯಿತು. ಅಕ್ಕಿ ಒತ್ತಾಗಿ ಕೂರುತ್ತದೆ. ದುಂಡು ಹಣ್ಣುಗಳ ನಡುವೆ ಸಂದಿ ಇರುತ್ತದೆ, ಹಾಗಾಗಿ ಅದೇ ಸೇರಿನಲ್ಲಿ ಹಣ್ಣಿನ ತೂಕ ಕಡಿಮೆ. ನಾವು ಒಂದು ಸೇರು ಹಣ್ಣಿಗೆ ಹಾಕುವ ಬೆಲ್ಲಕ್ಕೆ ಒಂದು ಸೇರಿಗಿಂತ ಹೆಚ್ಚು ಹಣ್ಣು ಹಾಕಿದ್ದೆವು.

ಆದರೆ ಹಣ್ಣಿನ ಸೇರನ್ನು ಬಾಯಿಮಟ್ಟಕ್ಕೆ ನಿಲ್ಲಿಸುವ ಪದ್ಧತಿ ಇರಲಿಲ್ಲ. ಎರಡೂ ಕೈಗಳನ್ನು ಬಾಯಿಯ ಸುತ್ತ ಬೇಲಿಯಂತೆ ಹಿಡಿದು, ಆ ಬೇಲಿಯೊಳಗೆ ನಿಲ್ಲುವಷ್ಟು ಏರಿಸಬೇಕು. ಅಕ್ಕ ಕೈ ಹಿಡಿದಳು. ನಾನು ಒಂದೊಂದೇ ಹಣ್ಣು ಇಟ್ಟೆ. ಅವಳ ಕೈ ಚಿಕ್ಕವು. ಹಣ್ಣು ಉರುಳಿ ನೆಲಕ್ಕೆ ಬಿದ್ದವು. ಅಪ್ಪ ಎದುರಿಗೆ ಕೂತು ತಾನು ಹಿಡಿದ. ಹಣ್ಣು ಗೋಪುರದಂತೆ ಏರಿತು.

"ನನ್ನ ಕೈ ದೊಡ್ಡವಾದವು. ನಿಮ್ಮವ್ವನ ಕೈ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಕೊನೆಗೆ ಅಕ್ಕನ ಕೈಯಲ್ಲಿ ನಿಂತಷ್ಟನ್ನೇ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗಿ ಅಪ್ಪ ತೂಗಿಸಿದ. ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ. ಅದಕ್ಕೆ ಒಂದು ಅಚ್ಚು ಬೆಲ್ಲ ಹಾಕಿ ಕುಟ್ಟಿದೆವು. ರುಚಿ ಅವ್ವನದರ ಹತ್ತಿರ ಬಂತು, ಅವ್ವನದು ಆಗಲಿಲ್ಲ. ಅಪ್ಪ ಅದನ್ನು ಹಚ್ಚಿಕೊಂಡು ಎರಡು ರೊಟ್ಟಿ ತಿಂದ. ಅಕ್ಕ ಒಳಗೆ ಹೋಗಿ ಅತ್ತಳು.

ಮಕ್ಕಳೇ, ಎಂ.ಸಿ.ಸಿ. ಬಡಾವಣೆಯ ನಿಮ್ಮ ಅಡುಗೆಮನೆಯಲ್ಲಿ ಗುಂಡಿ ಒತ್ತಿದರೆ ಗ್ರಾಂ ತೋರಿಸುವ ತಕ್ಕಡಿ ಇದೆ. ಒಂದು ಕಪ್ ಹಣ್ಣು ಎಷ್ಟು ಗ್ರಾಂ ಎಂದು ಕೇಳಿದರೆ ಫೋನು ತಕ್ಷಣ ಹೇಳುತ್ತದೆ. ಮೊನ್ನೆ ನೀವು ನನ್ನನ್ನೇ ಕೇಳಿದಿರಿ, "ಅಜ್ಜ, ಒಂದು ಸೇರು ಬೋರೆಹಣ್ಣು ಅಂದ್ರೆ ಎಷ್ಟು ಗ್ರಾಂ?" ನಾನು ಹೇಳಿದ್ದು ಅಕ್ಕನ ಕೈಯ ಸೇರಿನ ತೂಕ. ಅವ್ವನ ಕೈಯದು ಎಷ್ಟಿತ್ತೋ ಗೊತ್ತಿಲ್ಲ. ಈಗ ಅಪ್ಪನೂ ಇಲ್ಲ, ಅಕ್ಕನೂ ಇಲ್ಲ. ಆ ಕೈಗಳನ್ನು ನೋಡಿದವನು ನಾನೊಬ್ಬನೇ ಉಳಿದಿದ್ದೇನೆ.