ಸಾರು ಸೋರದ ಎಲೆ

ಬಹಳ ಹಿಂದೆ, ಭೀಮೆ-ಕೃಷ್ಣೆಯರ ನಡುವಿನ ಒಂದೂರಿನಲ್ಲಿ ಒಂದು ಎಲೆಯಿತ್ತಂತೆ. ಹಸಿದವರಿಗೆ ತಾಟಾಗಿ, ಉಂಡ ಮೇಲೆ ಎಮ್ಮೆಗೆ ಮೇವಾಗಿ, ಉಳಿದದ್ದು ತಿಪ್ಪೆಯಲ್ಲಿ ಮಲಗಿ ಮುಂಗಾರಿಗೆ ಜೋಳವಾಗಿ ಏಳುತ್ತಿತ್ತಂತೆ. ಒಂದು ದಿನ ಯಾರೂ ಕೇಳದಾದಾಗ ಮುನಿಸಿಕೊಂಡು ಗುಡ್ಡ ಹತ್ತಿಬಿಟ್ಟಿತಂತೆ. ಅದನ್ನು ರಮಿಸಿ ಕೆಳಗಿಳಿಸಲು ಒಬ್ಬ ಹೆಣ್ಣುಮಗಳು ಬೇಕಾಯಿತು.

ಆ ಹೆಣ್ಣುಮಗಳು ಭೀಮರಾಯನಗುಡಿ ಕ್ಯಾಂಪಿನ ಹಿಂದಿನ ಓಣಿಯಲ್ಲಿದ್ದಾಳೆ. ಹೆಸರು ಕರೆಮ್ಮ. ಇನ್ನೂ ನಸುಕು. ಸುರಪುರದ ಗುಡ್ಡದಿಂದ ತಂದ ಮುತ್ತಲ ಎಲೆಗಳು ಒದ್ದೆ ಗೋಣಿತಟ್ಟಿನ ಕೆಳಗೆ ಮೆತ್ತಗಾಗಿವೆ. ಜೋಳದ ದಂಟಿನ ಸಿಬಿರಿನಿಂದ ಎಲೆಗೆ ಎಲೆ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದಾಳೆ. ಎದುರಿಗೆ ನೆರೆಮನೆಯ ಹುಸೇನಬೀ. ಹೊತ್ತೇರುವಷ್ಟರಲ್ಲಿ ಇಬ್ಬರೂ ಸೇರಿ ನೂರೈವತ್ತು ಹಚ್ಚುವುದು ದಿನದ ವಾಡಿಕೆ. ಇವತ್ತು ಮೊದಲೇ ಒಣಗಿಸಿಟ್ಟ ಕೊನೆಯ ಕಟ್ಟನ್ನು ಕರೆಮ್ಮ ಮತ್ತೆ ಮತ್ತೆ ಬಿಚ್ಚಿ ನೋಡುತ್ತಾಳೆ. ಮಧ್ಯಾಹ್ನ ಶಹಾಪುರದ ಕಿರಾಣಿ ಅಂಗಡಿಯ ಅಮರಪ್ಪನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಊಟ ಇವಳ ಎಲೆಯಲ್ಲಿ.

ಈ ಕಸುಬು ಶುರುವಾದದ್ದು ಕಾಲುವೆಯ ದಂಡೆಯಲ್ಲಿ. ಗಂಡ ಅಂಬ್ರಪ್ಪ ತೂಬಿಗೆ ಸಿಕ್ಕ ಕಸ ಎಳೆಯುವ ಕೂಲಿ. ಮದುವೆಯ ದಿನಗಳಲ್ಲಿ ಥರ್ಮಾಕೋಲ್ ತಾಟುಗಳು ಬಿಳಿ ಕೊಕ್ಕರೆಗಳಂತೆ ತೇಲಿ ಬಂದು ತೂಬಿನ ಬಾಯಿಗೆ ಕೂರುತ್ತವೆ. “ನೀರು ಬಿಡ್ರಿ ಅಂದ್ರ ತಾಟ ಬಿಡಾಕತ್ತಾರ ನೋಡು,” ಎಂದು ಅವನು ಒಂದು ಸಂಜೆ ಗೊಣಗಿದಾಗ ಕರೆಮ್ಮನಿಗೆ ಅವ್ವ ಹಚ್ಚುತ್ತಿದ್ದ ಪತ್ರಾವಳಿ ನೆನಪಾಯಿತು.

“ನನಗೇನ್ ದೊಡ್ಡ ಆಸಿ ಇಲ್ಲವ್ವಾ,” ಎನ್ನುತ್ತಾಳೆ ಹುಸೇನಬೀಗೆ, ಕೈ ನಿಲ್ಲಿಸದೆ. “ತೂಬಿನ್ಯಾಗ ನನ್ನ ಗಂಡಗ ಬರೇ ನೀರು ಕಾಣಬೇಕು, ಅಷ್ಟ.”

ಮೊದಮೊದಲು ಕಟ್ಟು ಹೊತ್ತು ಅಂಗಡಿ ಅಂಗಡಿ ಅಲೆದರೂ ಕೊಂಡವನು ಅಮರಪ್ಪ ಒಬ್ಬನೇ. ಅವನ ಮನೆಯ ಪೂಜೆಯಲ್ಲಿ ಹಿರಿಯರು ಪಂಕ್ತಿಗೆ ಕೂತರು. ಅನ್ನದ ಮೇಲೆ ಬಿದ್ದ ಸಾರು ಎಲೆಯಿಂದ ಜಮಖಾನಕ್ಕೆ, ಅಲ್ಲಿಂದ ಧೋತರಗಳಿಗೆ ಇಳಿಯಿತು. ಅವ್ವನ ಕಾಲದ ಪತ್ರಾವಳಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯಂಥ ಗಟ್ಟಿ ಊಟಕ್ಕೆಂದು ಹುಟ್ಟಿದ್ದು. ಕಾಲುವೆ ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಪಂಕ್ತಿಗೆ ಅನ್ನ-ಸಾರು ಬಂತು. ಎಲೆಗೆ ಮಾತ್ರ ಈ ಸುದ್ದಿ ಯಾರೂ ಹೇಳಿರಲಿಲ್ಲ.

“ಕರೆಮ್ಮ, ಪತ್ರೋಳಿ ಕೊಟ್ಟೀಯೋ ಸಾಣಿಗಿ ಕೊಟ್ಟೀಯೋ?” ಎಂದ ಅಮರಪ್ಪ.

“ಇನ್ನೊಂದ್ ಸರ್ತಿ ನೋಡ್ರಿ ಸಾವ್ಕಾರ್ರ. ಒಂದ್ ಹನಿ ಇಳಿಯಂಗಿಲ್ಲ. ಇದು ನನ್ನ ಮಾತು.”

“ಮೊಮ್ಮಗಳ ತೊಟ್ಟಲಕ್ಕ ತಗೊಂಬಾ. ಇಳೀಲಿಲ್ಲಂದ್ರ ನಿನ್ನ ಎಲಿ ಅಂಗಡಿ ಮುಂದಿನ ಸಾಲಿನ್ಯಾಗ ಇಡತೀನಿ. ಇಳೀತೋ, ಮತ್ತ ಕಟ್ಟು ಹೊತಗೊಂಡು ನನ್ನ ಮೆಟ್ಟಲ ಹತ್ತಬ್ಯಾಡ.”

ಅಂದಿನಿಂದ ಕರೆಮ್ಮನ ಮನೆಯಲ್ಲಿ ದಿನವೂ ಅನ್ನ-ಸಾರು. ಅಂಬ್ರಪ್ಪ ಉಂಡೆದ್ದ ಕೂಡಲೆ ಎಲೆಯೆತ್ತಿ ನೆಲ ಸವರಿ ನೋಡುವುದು. “ರೊಟ್ಟಿ ಮಾರಿ ನೋಡಿ ಎಷ್ಟ್ ದಿನ ಆತು!” ಎಂದು ಅವನು ಸಿಡುಕಿದರೆ, “ಲಗೂ ಲಗೂ ಉಣ್ಣಣ್ಣ, ಸೋರೂದ್ರಾಗ ಮುಗಿಸು,” ಎಂದು ಹುಸೇನಬೀಯ ನಗೆ. ಆದರೆ ಸೋರುತ್ತಿರುವುದು ಎಲೆಯಲ್ಲ, ಸಿಬಿರಿನ ತೂತು ಎಂದು ಕಂಡುಹಿಡಿದವಳೂ ಅವಳೇ. “ಹೆಂಚು ಹೊಚ್ಚಿದ್ಹಂಗ ಹೊಚ್ಚಕ್ಕಾ.” ಮೇಲೆ ತೂತಿದ್ದಲ್ಲಿ ಕೆಳಗೆ ಇಡೀ ಎಲೆ ಬರುವಂತೆ ಎರಡು ಪದರು ಹಾಕಿದರು. ಅಂಚು ಎದ್ದು ನಿಲ್ಲಲೆಂದು ತಗ್ಗಾದ ಪರಾತದ ತಾಟಿನಲ್ಲಿ ಕೂರಿಸಿ, ಕಲ್ಲು ಹೇರಿ ಒಣಗಿಸಿದರು.

ಹೊತ್ತು ನೆತ್ತಿಗೆ ಬಂದಿದೆ. ಅಮರಪ್ಪನ ಪಡಸಾಲೆಯಲ್ಲಿ ಅದೇ ಜಮಖಾನ, ಅದೇ ಹಿರಿಯರು. ಸಾರಿನ ಬಕೆಟ್ ಹಿಡಿದವನು ಸ್ವತಃ ಅಮರಪ್ಪ. ಒಂದು ಸವಟು ಹಾಕುವಲ್ಲಿ ಎರಡು ಸುರಿಯುತ್ತಾನೆ.

“ಉಣ್ಣಾಕ ಹಾಕಾಕತ್ತೀಯೋ, ಭತ್ತಕ್ಕ ನೀರು ಬಿಡಾಕತ್ತೀಯೋ?” ಎಂದು ಒಬ್ಬ ಮುದುಕ ಕೇಳಿದಾಗ ಪಂಕ್ತಿಯೆಲ್ಲ ನಗುತ್ತದೆ. ಬಾಗಿಲ ಬಳಿ ನಿಂತ ಕರೆಮ್ಮನಿಗೆ ನಗು ಬರುವುದಿಲ್ಲ. ಹುಸೇನಬೀಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಾಳೆ.

ಪಂಕ್ತಿ ಏಳುತ್ತದೆ. ಅಮರಪ್ಪ ಬಾಗಿ ಒಂದು ಎಲೆ ಎತ್ತುತ್ತಾನೆ, ಜಮಖಾನ ಸವರುತ್ತಾನೆ, ಅಂಗೈ ನೋಡಿಕೊಳ್ಳುತ್ತಾನೆ. ಮತ್ತೊಂದು ಎಲೆ. ಮತ್ತೆ ಅಂಗೈ. ಒಂದು ಹನಿಯೂ ಇಲ್ಲ.

“ಏ ಪಂಪಣ್ಣ,” ಎಂದು ಅಂಗಡಿಯ ಆಳನ್ನು ಕೂಗುತ್ತಾನೆ, “ಮುಂದಿನ ಸಾಲು ಖಾಲಿ ಮಾಡೋ.”

ಹಿತ್ತಲಲ್ಲಿ ಎಂಜಲೆಲೆಗಳ ರಾಶಿಗೆ ಎಮ್ಮೆ ಆಗಲೇ ಬಾಯಿ ಹಾಕಿದೆ. ಕರೆಮ್ಮ ಹುಸೇನಬೀಯ ಕೈಬಿಟ್ಟು, ಬೆಳಗಿನಿಂದ ಮೊದಲ ಸಲ ನಗುತ್ತಾಳೆ.

“ನೋಡವ್ವಾ, ತಾಟ ತೊಳಿಯಾಕಿ ಬಂದ್ಳು.”