ಇಲಿ ತಿಂದ ಮೂಲೆ

ಮೂರು ವರ್ಷದ ಹಿಂದಿನ ಮಾತು. ಆಗಲೂ ಈಗಲೂ ಅಕ್ಕಲಕೋಟೆಯಲ್ಲಿ ಕುಣಿಮಗ್ಗದ ಮೇಲೆ ಕಂಬಳಿ ನೇಯುವುದೇ ನನ್ನ ಕೆಲಸ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅಣ್ಣ ಮಾಳಪ್ಪ ಓದಿ ಎಸ್‌ಟಿ ಬಸ್ಸಿನ ಕಂಡಕ್ಟರ್ ಆದ. ನಿವೃತ್ತನಾದ ಮೇಲೆ ಐದಾರು ಜನರನ್ನು ಕೂಡಿಸಿ ಊರಿಗೊಂದು ಇತಿಹಾಸ ಮಂಡಳ ಮಾಡಿದ. ಯಾರಿಗೂ ಸಂಬಳವಿಲ್ಲ. ಹಳೆಯ ವಾಡೆಯೊಂದರ ಎರಡು ಕೋಣೆ. ಅದರಲ್ಲಿ ತಾಮ್ರದ ಹಂಡೆ, ಬೀಸುಕಲ್ಲು, ಹಳೆಯ ಫೋಟೊ, ಜನ ಎಸೆಯಲು ತೆಗೆದಿಟ್ಟದ್ದೆಲ್ಲ.

ಅವುಗಳಲ್ಲಿ ಅಣ್ಣನಿಗೆ ಜೀವವಾಗಿದ್ದುದು ಒಂದು ಕಂಬಳಿ. ತಡವಳದ ಬೀರೋಬಾನ ಗುಡಿಯ ಪೂಜಾರಿ ಮನೆಯವರು ಮೂರು ತಲೆಮಾರು ದೇವರ ಮುಂದೆ ಹಾಸಿದ್ದು. "ಜ್ವಾಕಿ ಮಾಡ್ರಿ" ಎಂದು ಕೊಟ್ಟಿದ್ದರು.

ಒಮ್ಮೆ ಅಣ್ಣ ಹೋಟಗಿಯ ಮಗಳ ಮನೆಗೆ ಹೊರಟಾಗ ಮಂಡಳದ ಬೀಗದ ಕೈ ನನಗೆ ಕೊಟ್ಟ. "ಧೂಳ ಝಾಡಸು, ಅಷ್ಟ. ಕಂಬಳಿಗಿ ನೀರು ಮುಟ್ಟಸಬ್ಯಾಡ."

ಪೆಟ್ಟಿಗೆಯಿಂದ ತೆಗೆದು ನೋಡಿದರೆ ಕಂಬಳಿ ಬಿರುಸಿಲ್ಲದೆ ಜೋತುಬಿದ್ದಿತ್ತು. ಕುದಿಸಿದ ಹುಣಸೆ ಬೀಜದ ಗಂಜಿ ಹಚ್ಚಿ ಬಿರುಸು ಮಾಡದೆ ನಾವು ಯಾವ ಕಂಬಳಿಯನ್ನೂ ಗಿರಾಕಿಯ ಕೈಗೆ ಕೊಡುವುದಿಲ್ಲ. ನನಗೆ ಕೈ ತಡೆಯಲಿಲ್ಲ. ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ, ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಆ ಗಂಜಿ ಇಲಿಗೆ ಪ್ರೀತಿ. ಅದಕ್ಕೆಂದೇ ಮನೆಯಲ್ಲಿ ಕಂಬಳಿಗಳನ್ನು ಹಗ್ಗಕ್ಕೆ ಹಾಕುತ್ತೇವೆ. ಅಲ್ಲಿ ಅದು ನೆನಪಾಗಲಿಲ್ಲ. ಅಣ್ಣ ಬರುವ ಮುನ್ನ ಮತ್ತೊಮ್ಮೆ ಪೆಟ್ಟಿಗೆ ತೆರೆದಾಗ ಒಂದು ಮೂಲೆ ಅಂಗೈಯಗಲ ಹೋಗಿತ್ತು.

ಅಣ್ಣನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಹೊಸ ಉಣ್ಣೆ ಕಪ್ಪು, ಹಳೆಯದು ಕಂದು. ಅಂಥ ಬಣ್ಣದ್ದು ಮನೆಯಲ್ಲಿ ಒಂದೇ ಇತ್ತು: ಅವ್ವ ನೂತ ನೂಲಿನ ಕಂಬಳಿ, ಚಿಕ್ಕಂದಿನಲ್ಲಿ ನಾವಿಬ್ಬರೂ ಅದರೊಳಗೇ ಮಲಗುತ್ತಿದ್ದೆವು. ಅದರ ಅಂಚು ಬಿಚ್ಚಿ ನೂಲು ತೆಗೆದೆ. ಸೂಜಿಯಿಂದ ಒಂದೊಂದೇ ಎಳೆ ಹೆಣೆದು ಮೂಲೆ ತುಂಬಿದೆ. ತೇಪೆ ಕಂಡರೆ ನಮ್ಮ ಕಸುಬಿನಲ್ಲಿ ಅವಮಾನ. ನನ್ನದು ಕಾಣಲಿಲ್ಲ.

ಕೆಲವು ತಿಂಗಳ ಮೇಲೆ ಮಂಡಳ ಒಂದು ಪುಸ್ತಿಕೆ ತರಲು ಹೊರಟಿತು. ಸೋಲಾಪುರದಿಂದ ಕಾಲೇಜಿನ ಮೇಡಂ ಒಬ್ಬರು ವಸ್ತುಗಳನ್ನು ನೋಡಲು ಬಂದರು. ಅಣ್ಣ ಕಂಬಳಿ ಹಾಸಿ ಅದೇ ಮೂಲೆಯ ಮೇಲೆ ಬೆರಳಿಟ್ಟ.

"ಈ ಹೆಣಿಗಿ ನೋಡ್ರಿ ಮೇಡಂ. ಈಗಿನ ಮಂದಿ ಕೈಲೆ ಆಗಂಗಿಲ್ಲ. ಬೇಕಾದ್ರ ನನ್ನ ತಮ್ಮನ್ನ ಕೇಳ್ರಿ. ಗಂಜಿ ಬಡದು ದಪ್ಪ ಮಾಡಿ ಮಾರೂದಷ್ಟ ಗೊತ್ತು ಅವ್ನಿಗಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಹಿಗ್ಗಿದ್ದೆ ಎಂಬುದನ್ನು ಹೇಳಿಬಿಡಬೇಕು. ಭಯಕ್ಕಿಂತ ಆ ಹಿಗ್ಗೇ ನನ್ನ ಬಾಯಿ ಕಟ್ಟಿತು.

ಆ ಮೂಲೆಯ ಫೋಟೊ ಮುಖಪುಟಕ್ಕೆ, ಒಳಗೆ ಅದರ ಬಗ್ಗೆ ಅಣ್ಣನ ಹೆಸರಿನಲ್ಲಿ ಬರಹ ಎಂದು ಗೊತ್ತಾಯಿತು. ಮುಂದೆ ಯಾರಾದರೂ ತೇಪೆಯ ಗುರುತು ಹಿಡಿದರೆ ಜನ ನಗುವುದು ಅಣ್ಣನನ್ನು ನೋಡಿ. ಛಾಪಖಾನೆಗೆ ಒಪ್ಪಿಗೆ ಕೊಡಲು ನನ್ನ ಮೋಟಾರ್‌ಸೈಕಲ್ ಮೇಲೆಯೇ ಇಬ್ಬರೂ ಸೋಲಾಪುರಕ್ಕೆ ಹೊರಟೆವು. ವಳಸಂಗದಲ್ಲಿ ಚಹಾಕ್ಕೆ ನಿಂತೆವು.

"ಅಣ್ಣಾ, ಆ ಮೂಲಿ ಹಳೇದಲ್ಲ. ಇಲಿ ತಿಂದಿತ್ತು. ನಾ ಹೆಣದೀನಿ."

"ಇಲಿ ಯಾಕ ತಿಂತು?"

"ಗಂಜಿ ಹಚ್ಚಿದ್ದೆ."

"ನೀರು ಮುಟ್ಟಸಬ್ಯಾಡ ಅಂದಿದ್ನೆಲ್ಲೋ." ಅಣ್ಣ ಚಹಾದ ಕಪ್ಪು ಕೆಳಗಿಟ್ಟ. "ಬಂದವ್ರಿಗೆಲ್ಲಾ ಬೆರಳ ಹಚ್ಚಿ ತೋರ್ಸೀನಿ ನಾ. ನೂಲು ಎಲ್ಲಿದು?"

"ಅವ್ವನ ಕಂಬಳಿದು."

ಅಣ್ಣ ಚಹಾ ಕುಡಿಯದೆ ಎದ್ದ. "ಗಾಡಿ ತಿರಗಸು."

ತಡವಳಕ್ಕೆ ಹೋಗಿ ಪೂಜಾರಿ ಮನೆಯವರಿಗೆ ನಾನೇ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಮುಖಪುಟ ಬದಲಾಯಿತು. ಮೂಲೆ ಬಿಚ್ಚಲೇ ಎಂದು ಕೇಳಿದಾಗ ಅಣ್ಣ, "ಬಿಚ್ಚಬ್ಯಾಡ. ಸುತ್ತ ಬಿಳಿ ನೂಲು ಹಾಕು, ಕಾಣಬೇಕು" ಎಂದ. ಕೈ ಒಲ್ಲೆನೆಂದರೂ ಹಾಕಿದೆ.

ಹೊದೆಯುವ ಕಂಬಳಿಯ ತೇಪೆ ಕಾಣಬಾರದು, ಕಾದಿಡುವ ಕಂಬಳಿಯ ತೇಪೆ ಕಾಣಬೇಕು. ಇಷ್ಟು ವರ್ಷ ನೇಯ್ದರೂ ಅದು ನನಗೆ ತಿಳಿದಿರಲಿಲ್ಲ. ಈಗ ಯಾರಾದರೂ ನೋಡಲು ಬಂದರೆ ಅಣ್ಣ ಎಲ್ಲವನ್ನೂ ತಾನೇ ವಿವರಿಸುತ್ತಾನೆ. ಆ ಮೂಲೆ ಬಂದಾಗ ಸುಮ್ಮನಾಗಿ ನನ್ನ ಕಡೆ ನೋಡುತ್ತಾನೆ. ಅಲ್ಲಿಂದ ನಾನು ಹೇಳಬೇಕು; ಹೇಳುತ್ತೇನೆ.

ಅವ್ವನ ಕಂಬಳಿಯನ್ನು ಅಣ್ಣ ತಡವಳಕ್ಕೆ ಹೋಗಿಬಂದ ದಿನವೇ ತನ್ನ ಮನೆಗೆ ಒಯ್ದ. ಅದರ ಬಿಚ್ಚಿದ ಅಂಚನ್ನು ಕಟ್ಟಲು ಈವರೆಗೆ ನನ್ನ ಕೈಗೆ ಕೊಟ್ಟಿಲ್ಲ. ನಾನೂ ಕೇಳಿಲ್ಲ.